ಮೇಲ್ ಹೋಗದೆ ನಿಂತಾಗ ತೆಗೆಯುವ ಮೆನು: ಇಮೇಲ್ ಪ್ರೋಗ್ರಾಮಿಗೆ ಹೆಲ್ಪ್ ಮೆನು ಮಾಡುವ ಬಗೆ

ಹೆಲ್ಪ್ ಮೆನುವನ್ನು ಯಾರೂ ಸುಮ್ನೆ ತೆಗೆಯುವುದಿಲ್ಲ. ಮೇಲ್ ಹೋಗ್ತಾ ಇಲ್ಲ, ಪಾಸ್‌ವರ್ಡ್ ಮತ್ತೆ ಮತ್ತೆ ಕೇಳ್ತಾ ಇದೆ, ನಿನ್ನೆ ಇದ್ದ ಫೋಲ್ಡರ್ ಇವತ್ತು ಕಾಣ್ತಾ ಇಲ್ಲ. ಇಂಥದ್ದೇನಾದರೂ ಆದಾಗಲೇ ಕೈ ಅತ್ತ ಹೋಗುವುದು. ಆದರೆ ಮಾಡುವವರ ಕಡೆಯಿಂದ ನೋಡಿದರೆ, ಉಳಿದೆಲ್ಲ ಕೆಲಸ ಮುಗಿದ ಮೇಲೆ ಅವಸರದಲ್ಲಿ ಸೇರಿಸುವ ಮೆನು ಇದು. ವೆಬ್‌ಸೈಟಿಗೆ ಒಂದು ಲಿಂಕ್, ಅಬೌಟ್ ಅಂತ ಒಂದು ವಿಂಡೋ, ಅಷ್ಟಕ್ಕೆ ಕೈ ತೊಳೆದುಕೊಳ್ಳುತ್ತಾರೆ.

ಇಮೇಲ್ ಪ್ರೋಗ್ರಾಮಿಗೆ ಇಷ್ಟು ಸಾಲದು. ಚಿತ್ರ ಬಿಡಿಸುವ ಪ್ರೋಗ್ರಾಂ ಕೈಕೊಟ್ಟರೆ ಮೇಲ್ ಬರೆದು ಕೇಳಬಹುದು. ಮೇಲ್ ಪ್ರೋಗ್ರಾಮೇ ಕೈಕೊಟ್ಟರೆ? 'ತೊಂದರೆಯಿದ್ದರೆ ನಮಗೆ ಇಮೇಲ್ ಮಾಡಿ' ಅನ್ನುವ ಸಾಲು ಅಲ್ಲಿ ಗೇಲಿ ಮಾಡಿದ ಹಾಗಿರುತ್ತದೆ. ಎಷ್ಟೋ ಸಲ ನೆಟ್ ಇಲ್ಲದ್ದೇ ತೊಂದರೆಯ ಮೂಲ. ಆಗ ವೆಬ್‌ಸೈಟಿನ ಲಿಂಕ್ ಇದ್ದೂ ಇಲ್ಲದಂತೆ.

ಇನ್ನೊಂದು ಮಾತು. ನಮ್ಮಲ್ಲಿ ಈ ಮೆನುವನ್ನು ಒಬ್ಬರೇ ಬಳಸುವುದು ಕಮ್ಮಿ. ಶಿವಮೊಗ್ಗದಲ್ಲಿ ಮಾವ ಕಂಪ್ಯೂಟರ್ ಮುಂದೆ ಕೂತಿರುತ್ತಾರೆ, ಬೆಂಗಳೂರಿನಿಂದಲೋ ಡಲ್ಲಾಸ್‌ನಿಂದಲೋ ಅಕ್ಕನ ಮಗ ಫೋನಿನಲ್ಲಿರುತ್ತಾನೆ. "ಮಾಮ, ಮೇಲ್ಗಡೆ ಹೆಲ್ಪ್ ಅಂತ ಇದೆಯಲ್ಲ, ಅದನ್ನ ಒತ್ತಿ. ಈಗ ಏನೇನು ಕಾಣುತ್ತೆ ಓದಿ." ಹೆಲ್ಪ್ ಮೆನು ಅಂದರೆ ಈ ಇಬ್ಬರಿಗೂ ಆಗಬೇಕಾದದ್ದು. ಒಬ್ಬರಿಗೆ ಕಾಣುತ್ತದೆ, ಆದರೆ ಅರ್ಥವಾಗುವುದಿಲ್ಲ. ಇನ್ನೊಬ್ಬನಿಗೆ ಅರ್ಥವಾಗುತ್ತದೆ, ಆದರೆ ಕಾಣುವುದಿಲ್ಲ. ಮುಂದಿನ ಎಲ್ಲ ಹಂತಗಳಲ್ಲೂ ಈ ಇಬ್ಬರನ್ನು ತಲೆಯಲ್ಲಿಟ್ಟುಕೊಳ್ಳಿ.

ಉದಾಹರಣೆಗೆ ಹೆಚ್ಚಾಗಿ ಥಂಡರ್‌ಬರ್ಡ್ ಅನ್ನುವ ಇಮೇಲ್ ಪ್ರೋಗ್ರಾಂ ತೆಗೆದುಕೊಂಡಿದ್ದೇನೆ. ಅದರ 1.0 ಆವೃತ್ತಿ ಬಂದದ್ದು 2004ರ ಡಿಸೆಂಬರಿನಲ್ಲಿ. ಪುಕ್ಕಟೆಯಾಗಿ ಸಿಗುತ್ತದೆ, ಸೋರ್ಸ್ ಕೋಡ್ ಕೂಡ ತೆರೆದಿದೆ. ಓದುತ್ತಾ ಪಕ್ಕದಲ್ಲೇ ತೆರೆದಿಟ್ಟುಕೊಂಡು ನೋಡಬಹುದು.

ಹಂತ 1: ಮೊದಲು ಪ್ರಶ್ನೆ ಬರೆಯಿರಿ, ಮೆನು ಆಮೇಲೆ

ಜನ ಕೇಳುವುದನ್ನು ಅವರ ಮಾತಿನಲ್ಲೇ ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಮ್ಮ ಪ್ರೋಗ್ರಾಂ ಯಾವುದೇ ಇರಲಿ, ಪಟ್ಟಿ ಸುಮಾರಾಗಿ ಹೀಗೇ ಇರುತ್ತದೆ:

- ಮೇಲ್ ಬರುತ್ತೆ, ಆದರೆ ಹೋಗಲ್ಲ.
- ಪಾಸ್‌ವರ್ಡ್ ಸರಿಯಾಗಿದ್ದರೂ ತಪ್ಪು ಅನ್ನುತ್ತೆ.
- ಫೋಲ್ಡರ್ ಮಾಯ ಆಗಿದೆ.
- ಫೈಲ್ ದೊಡ್ಡದು ಅಂತ ವಾಪಸ್ ಬಂತು.
- ಹೊಸ ಕಂಪ್ಯೂಟರ್ ತಗೊಂಡೆ, ಹಳೇ ಮೇಲ್ ಎಲ್ಲ ಇಲ್ಲಿಗೆ ಬರಬೇಕು.
- ಕನ್ನಡದಲ್ಲಿ ಕಳಿಸಿದ್ದು ಅವರಿಗೆ ಏನೇನೋ ಅಕ್ಷರವಾಗಿ ಕಾಣುತ್ತಂತೆ.

ಕೊನೆಯದು ಕನ್ನಡದವರು ಮಾತ್ರ ಪಟ್ಟಿಗೆ ಸೇರಿಸುವ ಪ್ರಶ್ನೆ. ನುಡಿ, ಬರಹದಂಥ ತಂತ್ರಾಂಶಗಳ ಹಳೆಯ ಆಸ್ಕಿ ಫಾಂಟಿನಲ್ಲಿ ಟೈಪ್ ಮಾಡಿದ ಪತ್ರವನ್ನು ಮೇಲ್‌ಗೆ ಪೇಸ್ಟ್ ಮಾಡಿದರೆ, ಆ ಫಾಂಟ್ ಇಲ್ಲದವರಿಗೆ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ ಕಾಣುತ್ತದೆ. ಎಲ್ಲ ಕಂಪ್ಯೂಟರಿನಲ್ಲೂ ಒಂದೇ ಥರ ಓದಲು ಬರುವ ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಸರಿಹೋಗುತ್ತದೆ. ಪ್ರೋಗ್ರಾಮಿನಲ್ಲಿ ದೋಷವಿಲ್ಲ, ಆದರೂ ಬೈಗುಳ ಪ್ರೋಗ್ರಾಮಿಗೇ. ಸಹಾಯ ಪುಟಗಳಲ್ಲಿ ಇದಕ್ಕೊಂದು ಪುಟ ಇರಲೇಬೇಕು.

ಈಗ ಪ್ರತಿ ಪ್ರಶ್ನೆಯ ಎದುರಿಗೂ ಅದರ ಉತ್ತರ ಎಲ್ಲಿರಬೇಕು ಅಂತ ಬರೆಯಿರಿ. ಕೆಲವಕ್ಕೆ ಸಹಾಯ ಪುಟ ಸಾಕು. ಕೆಲವಕ್ಕೆ ದೋಷದ ಸಂದೇಶವೇ ಉತ್ತರ ಹೇಳಬೇಕು, ಹೆಲ್ಪ್ ಮೆನುವಿನ ತನಕ ಬರಲೇಬಾರದು. 2022ರ ಮೇ 30ರಿಂದ ಗೂಗಲ್, ವೈಯಕ್ತಿಕ ಜಿಮೇಲ್ ಅಕೌಂಟ್‌ಗಳಿಗೆ ಬೇರೆ ಪ್ರೋಗ್ರಾಮ್‌ಗಳಿಂದ ಬರೀ ಪಾಸ್‌ವರ್ಡ್ ಕೊಟ್ಟು ಒಳಗೆ ಬರುವ ದಾರಿಯನ್ನು ಮುಚ್ಚುತ್ತಾ ಬಂತು. ಒಂದೋ ಗೂಗಲ್‌ನದೇ ಪುಟದಲ್ಲಿ ಸೈನ್ ಇನ್ ಆಗಬೇಕು, ಇಲ್ಲಾಂದ್ರೆ ಆ ಪ್ರೋಗ್ರಾಮಿಗೆಂದೇ 16 ಅಕ್ಷರದ ಆಪ್ ಪಾಸ್‌ವರ್ಡ್ ಮಾಡಿಕೊಳ್ಳಬೇಕು. ಬರೀ 'ಲಾಗಿನ್ ವಿಫಲ' ಅಂದು ಸುಮ್ಮನಾಗುವ ಪ್ರೋಗ್ರಾಂ ಎದುರು ಕೂತವರು ಸರಿಯಾದ ಪಾಸ್‌ವರ್ಡನ್ನೇ ಮತ್ತೆ ಮತ್ತೆ ಟೈಪ್ ಮಾಡುತ್ತಾರೆ. 'ಈ ಅಕೌಂಟಿಗೆ ಮಾಮೂಲಿ ಪಾಸ್‌ವರ್ಡ್ ನಡೆಯುವುದಿಲ್ಲ, ಇಲ್ಲಿ ಒತ್ತಿ ಸೈನ್ ಇನ್ ಆಗಿ' ಅಂತ ಆ ಸಂದೇಶವೇ ಹೇಳಿದರೆ ಹೆಲ್ಪ್ ಮೆನುವಿನ ಅರ್ಧ ಭಾರ ಇಳಿಯಿತು.

ಹಂತ 2: ಸಾಲುಗಳನ್ನು ಆರಿಸಿ, ಜೋಡಿಸಿ

ಶುರುವಿನಲ್ಲಿ ಒಂಬತ್ತು ಸಾಲು ಮೀರಬೇಡಿ. ಒಳಗೆ ಇನ್ನೊಂದು ಮೆನು ತೆರೆದುಕೊಳ್ಳುವ ವ್ಯವಸ್ಥೆ ಇಲ್ಲಿ ಬೇಡವೇ ಬೇಡ. "ಅದರ ಮೇಲೆ ಮೌಸ್ ಇಟ್ಟುಕೊಂಡೇ ಬಲಕ್ಕೆ ಸರಿಯಿರಿ" ಅಂತ ಫೋನಿನಲ್ಲಿ ಹೇಳಿ ನೋಡಿ, ಯಾಕೆ ಅಂತ ಗೊತ್ತಾಗುತ್ತದೆ. ನನ್ನ ಲೆಕ್ಕದಲ್ಲಿ ಮೆನು ಹೀಗಿರಬೇಕು:

ಸಹಾಯ ಪುಟಗಳು (ಎಫ್1)
ಕೀಬೋರ್ಡ್ ಶಾರ್ಟ್‌ಕಟ್‌ಗಳು
—
ಸಂಪರ್ಕ ಪರೀಕ್ಷಿಸಿ
ತೊಂದರೆಯ ವಿವರ
ಆಡ್‌ಆನ್ ಇಲ್ಲದೆ ಮತ್ತೆ ತೆರೆಯಿರಿ…
—
ಹೊಸದೇನಿದೆ
ಅಭಿಪ್ರಾಯ ತಿಳಿಸಿ
ದೇಣಿಗೆ ಕೊಡಿ
—
ಈ ಪ್ರೋಗ್ರಾಂ ಬಗ್ಗೆ

ಆಡ್‌ಆನ್ ಅಂದರೆ ಪ್ರೋಗ್ರಾಮಿಗೆ ಆಮೇಲೆ ಸೇರಿಸಿಕೊಳ್ಳುವ ಪುಟ್ಟ ಜೋಡಣೆ. ಥಂಡರ್‌ಬರ್ಡ್‌ನಲ್ಲಿಯೂ ಸಹಾಯ ಪುಟ ಮೇಲಿದೆ, ಅಬೌಟ್ ಕೆಳಗಿದೆ. ಆದರೆ ನಾನು ನೋಡಿದ ಆವೃತ್ತಿಗಳಲ್ಲಿ ದೇಣಿಗೆಯ ಸಾಲು ತೊಂದರೆ ಬಿಡಿಸುವ ಸಾಲುಗಳಿಗಿಂತ ಮೇಲಿದೆ. ದೇಣಿಗೆ ಕೇಳುವುದು ತಪ್ಪೇನಲ್ಲ. 2020ರಿಂದ ಥಂಡರ್‌ಬರ್ಡ್ ನಡೆಸುತ್ತಿರುವುದು ಮೊಜಿಲ್ಲಾ ಫೌಂಡೇಶನ್ನಿನ ಅಂಗಸಂಸ್ಥೆ ಎಂಝೆಡ್ಎಲ್ಎ ಟೆಕ್ನಾಲಜೀಸ್, ಅದರ ಖರ್ಚು ನಡೆಯುವುದು ಮುಖ್ಯವಾಗಿ ಬಳಸುವವರ ದೇಣಿಗೆಯಿಂದ. ಆದರೂ ಮೇಲ್ ಹೋಗದೆ ತಲೆಬಿಸಿ ಮಾಡಿಕೊಂಡು ಬಂದವರಿಗೆ ಮೊದಲು ದಾರಿ ತೋರಿಸಬೇಕು, ಡಬ್ಬಿ ಆಮೇಲೆ ಹಿಡಿಯಬೇಕು. ಇದು ನನ್ನ ಅಭಿಪ್ರಾಯ, ನೀವು ಒಪ್ಪದಿದ್ದರೂ ಸರಿ.

ಒಮ್ಮೆ ಕ್ರಮ ತೀರ್ಮಾನವಾದ ಮೇಲೆ ಅದನ್ನು ಬದಲಾಯಿಸಬೇಡಿ. ಕನ್ನಡ ಮೆನು, ಇಂಗ್ಲಿಷ್ ಮೆನು ಎರಡರಲ್ಲೂ ಒಂದೇ ಕ್ರಮ ಇರಲಿ. ಮಾವನ ಹತ್ತಿರ ಕನ್ನಡದ್ದು, ಅಕ್ಕನ ಮಗನ ಹತ್ತಿರ ಇಂಗ್ಲಿಷಿನದು ಇರಬಹುದು. "ಮೇಲಿನಿಂದ ನಾಲ್ಕನೆಯದು" ಅಂದರೆ ಎರಡು ಕಡೆಯೂ ಅದೇ ಸಾಲು ಸಿಗಬೇಕು. ಹೊಸ ಆವೃತ್ತಿಯಲ್ಲಿ ಸಾಲೊಂದನ್ನು ಸೇರಿಸಲೇಬೇಕಾದರೆ ಮೂರನೆಯ ಗುಂಪಿಗೆ ಸೇರಿಸಿ, ಮೇಲಿನ ಎಣಿಕೆ ತಪ್ಪುವುದಿಲ್ಲ.

ಹಂತ 3: ಹೆಸರಿಡುವಾಗ ಗಟ್ಟಿಯಾಗಿ ಓದಿ

ಪ್ರತಿ ಸಾಲನ್ನೂ ಫೋನಿನಲ್ಲಿ ಹೇಳಿದ ಹಾಗೆ ಗಟ್ಟಿಯಾಗಿ ಓದಿ. ತೊದಲಿದರೆ ಹೆಸರು ಬದಲಾಯಿಸಿ. 'ದೋಷನಿವಾರಣಾ ಮಾಹಿತಿ ಸಂಗ್ರಹಣೆ' ಅನ್ನುವುದಕ್ಕಿಂತ 'ತೊಂದರೆಯ ವಿವರ' ವಾಸಿ ಅಲ್ವಾ? ಎರಡು ಸಾಲು ಒಂದೇ ಪದದಿಂದ ಶುರುವಾಗದಿರಲಿ. 'ಸಹಾಯ ಪುಟಗಳು', 'ಸಹಾಯ ಕೇಂದ್ರ', 'ಸಹಾಯ ಪಡೆಯಿರಿ' ಅಂತ ಮೂರು ಇದ್ದರೆ ಯಾವುದು ಯಾವುದೋ ದೇವರಿಗೇ ಗೊತ್ತು.

ಸಾಲಿನ ಕೊನೆಯ ಮೂರು ಚುಕ್ಕಿಗೆ ಒಂದು ಅರ್ಥವಿದೆ. ಇದನ್ನು ಒತ್ತಿದ ತಕ್ಷಣ ಕೆಲಸ ಆಗಿಬಿಡುವುದಿಲ್ಲ, ಮೊದಲು ನಿಮ್ಮನ್ನು ಏನೋ ಕೇಳುತ್ತದೆ ಅಂತ. ಹಾಗಾಗಿ 'ಆಡ್‌ಆನ್ ಇಲ್ಲದೆ ಮತ್ತೆ ತೆರೆಯಿರಿ'ಗೆ ಚುಕ್ಕಿ ಬೇಕು. 'ಈ ಪ್ರೋಗ್ರಾಂ ಬಗ್ಗೆ'ಗೆ ಬೇಡ, ಅಲ್ಲಿ ಬರೀ ತೋರಿಸುವುದಷ್ಟೇ.

ಅಡಿಗೆರೆ ಹಾಕಿದ ಅಕ್ಷರ ಒತ್ತಿ ಮೆನು ತೆರೆಯುವವರಿಗೆ ಕನ್ನಡದಲ್ಲಿ ಒಂದು ತೊಡಕಿದೆ. 'ಸ' ಅಕ್ಷರಕ್ಕೆ ಅಡಿಗೆರೆ ಹಾಕಿದರೆ, ಕೀಬೋರ್ಡ್ ಇಂಗ್ಲಿಷಿನಲ್ಲಿರುವಾಗ ಅದನ್ನು ಒತ್ತುವುದು ಹೇಗೆ? ಮೊಜಿಲ್ಲಾ ಪ್ರೋಗ್ರಾಮ್‌ಗಳು ಮಾಡಿಕೊಂಡ ಉಪಾಯ ಸಲೀಸಾಗಿದೆ. ಒತ್ತಬೇಕಾದ ಅಕ್ಷರ ಸಾಲಿನಲ್ಲಿ ಇಲ್ಲದಿದ್ದರೆ ಅದನ್ನು ಸಾಲಿನ ಕೊನೆಗೆ ಕಂಸದಲ್ಲಿ ತೋರಿಸುತ್ತವೆ. ಆಲ್ಟ್ ಜೊತೆ ಎಚ್ ಒತ್ತಿದರೆ ಹೆಲ್ಪ್ ಮೆನು ಅನ್ನುವುದು ವಿಂಡೋಸ್ ಬಳಸಿದವರ ಬೆರಳಿಗೆ ಅಂಟಿದ ಅಭ್ಯಾಸ. ಅದನ್ನು ಕಿತ್ತುಕೊಳ್ಳಬೇಡಿ.

ಹಂತ 4: ಎಫ್1 ಎಲ್ಲಿಗೆ ಹೋಗಬೇಕು

ವಿಂಡೋಸ್, ಲಿನಕ್ಸ್ ಎರಡರಲ್ಲೂ ಎಫ್1 ಅಂದರೆ ಸಹಾಯ. ಮ್ಯಾಕ್‌ನಲ್ಲಿ ಕಮಾಂಡ್ ಜೊತೆ ಪ್ರಶ್ನೆ ಚಿಹ್ನೆ. ಈಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಎಫ್1 ಒತ್ತಿದರೆ ಧ್ವನಿ ಬಂದ್ ಆಗುತ್ತದೆ, ಎಫ್‌ಎನ್ ಕೀ ಜೊತೆಗೆ ಒತ್ತಬೇಕು. ಆದ್ದರಿಂದ ಎಫ್1 ಮಾತ್ರ ನಂಬಿಕೊಂಡು ಯಾವ ಸಹಾಯವನ್ನೂ ಅಡಗಿಸಿಡಬೇಡಿ.

ಪುಟಗಳು ಪ್ರೋಗ್ರಾಮಿನ ಜೊತೆಗೇ ಬರಬೇಕು, ಪೂರ್ತಿ ಅಲ್ಲದಿದ್ದರೂ ಮುಖ್ಯವಾದವು. ಹಿಂದೆ ವಿಂಡೋಸ್‌ನಲ್ಲಿ ಇದಕ್ಕಂತಲೇ ಫೈಲ್ ಬಗೆಗಳಿದ್ದವು. ಹಳೆಯ ವಿನ್‌ಹೆಲ್ಪ್ ಅನ್ನು ವಿಸ್ಟಾದಿಂದ ಕೈಬಿಟ್ಟರು. ಅದರ ನಂತರ ಬಂದ ಸಿಎಚ್‌ಎಂ ಫೈಲ್ ಈಗಲೂ ತೆರೆಯುತ್ತದೆ, ಆದರೆ ನೆಟ್‌ನಿಂದ ಇಳಿಸಿಕೊಂಡದ್ದಾದರೆ ಭದ್ರತೆಯ ಕಾರಣಕ್ಕೆ ಒಳಗಿನ ಪುಟ ಖಾಲಿ ತೋರಿಸಬಹುದು. ಅವುಗಳ ತಂಟೆ ಬೇಡ. ಮಾಮೂಲಿ ಎಚ್‌ಟಿಎಂಎಲ್ ಪುಟಗಳನ್ನು ಪ್ರೋಗ್ರಾಮಿನ ಫೋಲ್ಡರಿನಲ್ಲೇ ಇಟ್ಟರೆ ಯಾವ ಸಿಸ್ಟಂನಲ್ಲಾದರೂ ತೆರೆಯುತ್ತವೆ. ನೆಟ್ ಇದ್ದರೆ ಹೊಸ ಪುಟ, ಇಲ್ಲದಿದ್ದರೆ ಜೊತೆಗೆ ಬಂದ ಪುಟ. ಕನಿಷ್ಠ ನಾಲ್ಕು ವಿಷಯಗಳಾದರೂ ನೆಟ್ ಇಲ್ಲದೆ ಓದಲು ಸಿಗಲಿ: ಮೇಲ್ ಬರದಿರುವುದು, ಹೋಗದಿರುವುದು, ಪಾಸ್‌ವರ್ಡ್, ಮೇಲ್‌ಗಳ ಬ್ಯಾಕಪ್.

ಅಕೌಂಟ್ ಸೆಟ್ಟಿಂಗ್ ವಿಂಡೋದಲ್ಲಿ ಎಫ್1 ಒತ್ತಿದರೆ ಅಕೌಂಟ್ ಸೆಟ್ಟಿಂಗಿನ ಪುಟವೇ ತೆರೆಯಬೇಕು, ಮುಖಪುಟವಲ್ಲ. ಕೆಲಸ ಜಾಸ್ತಿಯೇ. ಎಲ್ಲ ವಿಂಡೋಗೂ ಆಗದಿದ್ದರೆ ಇದೊಂದಕ್ಕಾದರೂ ಮಾಡಿ.

ಹಂತ 5: 'ತೊಂದರೆಯ ವಿವರ', ಇಡೀ ಮೆನುವಿನ ಜೀವ

ನಿಮಗೆ ಒಂದೇ ಸಾಲಿಗೆ ಸಮಯವಿದ್ದರೆ ಇದನ್ನು ಮಾಡಿ. ಥಂಡರ್‌ಬರ್ಡ್‌ನಲ್ಲಿ ಇದು ಒಂದು ಪುಟವಾಗಿ ತೆರೆದುಕೊಳ್ಳುತ್ತದೆ. ಆವೃತ್ತಿ, ಆಪರೇಟಿಂಗ್ ಸಿಸ್ಟಂ, ಅಕೌಂಟ್‌ಗಳ ಸರ್ವರ್ (ಮೇಲ್ ಸಾಗಿಸುವ ಕಂಪನಿಯ ಕಂಪ್ಯೂಟರ್) ವಿವರ, ಆಡ್‌ಆನ್‌ಗಳ ಪಟ್ಟಿ ಎಲ್ಲ ಅಲ್ಲಿರುತ್ತದೆ. ಒಂದು ಗುಂಡಿ ಒತ್ತಿದರೆ ಎಲ್ಲವೂ ಕಾಪಿ ಆಗುತ್ತದೆ. ನಿಮ್ಮದು ಅಷ್ಟು ಉದ್ದ ಬೇಡ. ಒಂದು ವಾಟ್ಸಾಪ್ ಮೆಸೇಜಿನಲ್ಲಿ ಹಿಡಿಸುವಷ್ಟು ಇದ್ದರೆ ಸಾಕು. ನೋಡಿ:

ಆವೃತ್ತಿ 2.3, ವಿಂಡೋಸ್ 11
ಒಳಬರುವ ಮೇಲ್: ಐಮ್ಯಾಪ್, ಪೋರ್ಟ್ 993, ಟಿಎಲ್‌ಎಸ್, ಲಾಗಿನ್: ಓಆಥ್
ಹೊರಹೋಗುವ ಮೇಲ್: ಎಸ್‌ಎಂಟಿಪಿ, ಪೋರ್ಟ್ 587, ಸ್ಟಾರ್ಟ್‌ಟಿಎಲ್‌ಎಸ್, ಲಾಗಿನ್: ಪಾಸ್‌ವರ್ಡ್
ಕೊನೆಯ ದೋಷ: ಹೊರಹೋಗುವಾಗ, 535, ಬೆಳಿಗ್ಗೆ 10:42
ಆಡ್‌ಆನ್: ಇಲ್ಲ

ಇಲ್ಲಿ ಐಮ್ಯಾಪ್ ಅಂದರೆ ಮೇಲ್ ತರುವ ಪದ್ಧತಿ, ಎಸ್‌ಎಂಟಿಪಿ ಅಂದರೆ ಕಳಿಸುವ ಪದ್ಧತಿ, ಪೋರ್ಟ್ ಅಂದರೆ ಸರ್ವರಿನ ಬಾಗಿಲಿನ ಸಂಖ್ಯೆ. ಟಿಎಲ್‌ಎಸ್, ಸ್ಟಾರ್ಟ್‌ಟಿಎಲ್‌ಎಸ್ ಎರಡೂ ದಾರಿಯಲ್ಲಿ ಬೇರೆಯವರು ಓದದಂತೆ ಕಾಯುವ ವ್ಯವಸ್ಥೆ, ಓಆಥ್ ಅಂದರೆ ಮೇಲ್ ಕಂಪನಿಯ ಪುಟದಲ್ಲೇ ಸೈನ್ ಇನ್ ಆಗುವ ರೀತಿ. ಡಲ್ಲಾಸ್‌ನಲ್ಲಿರುವ ಅಕ್ಕನ ಮಗ ಇದನ್ನು ನೋಡಿದ ಕೂಡಲೇ ವಿಷಯ ಹಿಡಿಯುತ್ತಾನೆ. ಒಳಬರುವುದಕ್ಕೆ ಹೊಸ ರೀತಿಯ ಸೈನ್ ಇನ್ ಇದೆ. ಹೊರಹೋಗುವುದಕ್ಕೆ ಇನ್ನೂ ಹಳೆಯ ಪಾಸ್‌ವರ್ಡೇ ಉಳಿದುಕೊಂಡಿದೆ. 535 ಅಂದರೆ ಆ ಪಾಸ್‌ವರ್ಡನ್ನು ಸರ್ವರ್ ಒಪ್ಪಲಿಲ್ಲ ಅಂತ. ಅದಕ್ಕೇ ಮೇಲ್ ಬರುತ್ತೆ, ಹೋಗಲ್ಲ. ಫೋನಿನಲ್ಲಿ ಅರ್ಧ ಗಂಟೆ ಕೇಳಿದ್ದರೂ ಸಿಗದ ಸುಳಿವು ಐದು ಸಾಲಿನಲ್ಲಿ ಸಿಕ್ಕಿತು. ಸರ್ವರ್ ಕಳಿಸಿದ ದೋಷದ ಸಂಖ್ಯೆಯನ್ನು ಇದ್ದ ಹಾಗೇ ತೋರಿಸಿ. ಅದನ್ನು 'ಏನೋ ತಪ್ಪಾಗಿದೆ' ಅಂತ ಸವರಿಬಿಟ್ಟರೆ ಬೆಲೆಯಿಲ್ಲ.

ಮುಚ್ಚಿಡಬೇಕಾದದ್ದು ಇನ್ನೂ ಮುಖ್ಯ. ಪಾಸ್‌ವರ್ಡ್, ಮೇಲ್‌ನ ವಿಷಯ, ಮೇಲ್ ಕಳಿಸಿದವರ, ಪಡೆದವರ ವಿಳಾಸ ಯಾವುದೂ ಬರಕೂಡದು. ಬಳಸುವವರ ಸ್ವಂತ ಇಮೇಲ್ ವಿಳಾಸವನ್ನೂ ಬಿಟ್ಟೇ ಶುರುಮಾಡಿ. ಥಂಡರ್‌ಬರ್ಡ್‌ನಲ್ಲಿ ಅಕೌಂಟ್ ಹೆಸರು ಸೇರಬೇಕಾದರೆ ನೀವಾಗಿ ಒಂದು ಟಿಕ್ ಹಾಕಬೇಕು. ಆ ಪದ್ಧತಿ ಒಳ್ಳೆಯದು. ಜನ ಕಣ್ಣು ತಪ್ಪಿಸುವ ಜಾಗ ಒಂದಿದೆ, ಫೈಲ್ ಇರುವ ದಾರಿ. ವಿಂಡೋಸ್‌ನಲ್ಲಿ ಯೂಸರ್ ಫೋಲ್ಡರಿಗೆ ಆ ವ್ಯಕ್ತಿಯ ಹೆಸರೇ ಇರುವುದು ಮಾಮೂಲು. ಮೇಲ್, ಸೆಟ್ಟಿಂಗ್ ಎಲ್ಲ ಇರುವ ಪ್ರೊಫೈಲ್ ಫೋಲ್ಡರಿನ ದಾರಿಯನ್ನು ಹಾಗೇ ಕಾಪಿ ಮಾಡಿದರೆ ಹೆಸರೂ ಹೋಯಿತು. ಆ ಭಾಗಕ್ಕೆ ಚುಕ್ಕಿ ಹಾಕಿ.

ಗುಂಡಿ ಎರಡು ಇರಲಿ: 'ಕಾಪಿ ಮಾಡಿ', 'ಫೈಲಾಗಿ ಉಳಿಸಿ'. ಇದನ್ನು ಮೇಲ್‌ನಲ್ಲೇ ಕಳಿಸುವ ಗುಂಡಿ ಇಟ್ಟರೂ ಕೊನೆಗಿಡಿ. ಮೇಲ್ ಹೋಗದವರಿಗೆ ಅದರಿಂದ ಏನು ಉಪಯೋಗ?

ಹಂತ 6: ಸಂಪರ್ಕ ಪರೀಕ್ಷೆ

ಇದು ಕೆಲವು ಇಮೇಲ್ ಪ್ರೋಗ್ರಾಮ್‌ಗಳಲ್ಲಿ ಮಾತ್ರ ಇದೆ, ಎಲ್ಲದರಲ್ಲೂ ಇರಬೇಕಿತ್ತು. ಒತ್ತಿದರೆ ಒಂದೊಂದೇ ಮೆಟ್ಟಿಲು ನೋಡುತ್ತಾ ಹೋಗಬೇಕು. ನೆಟ್ ಇದೆಯಾ, ಸರ್ವರ್ ಹೆಸರು ಸಿಗುತ್ತಾ, ಪೋರ್ಟ್ ತೆರೆದಿದೆಯಾ, ಸರ್ಟಿಫಿಕೇಟ್ (ಇದು ಅಸಲಿ ಸರ್ವರೇ ಅನ್ನುವ ಗುರುತುಪತ್ರ) ಸರಿಯಿದೆಯಾ, ಲಾಗಿನ್ ಆಗುತ್ತಾ. ಎಲ್ಲಿ ನಿಂತಿತೋ ಅಲ್ಲಿಗೆ ನಿಲ್ಲಿಸಿ, ಮುಂದೆ ಮಾಡಬೇಕಾದದ್ದನ್ನು ಒಂದು ಸಾಲಿನಲ್ಲಿ ಹೇಳಿ.

ಎರಡು ಕಡೆ ಗಮನ ಕೊಡಿ. ಹೊರಹೋಗುವ ಪೋರ್ಟ್ 25 ಅಂತಿದ್ದರೆ, ಸ್ಪ್ಯಾಮ್ ತಡೆಯಲು ಅನೇಕ ಇಂಟರ್ನೆಟ್ ಕಂಪನಿಗಳು ಆ ಪೋರ್ಟನ್ನು ಬಂದ್ ಮಾಡಿರುತ್ತವೆ. 587 ಅಥವಾ 465 ಹಾಕಿ ನೋಡಲು ಹೇಳಿ. ಇನ್ನೊಂದು, ಗಡಿಯಾರ. ಹಳೆಯ ಡೆಸ್ಕ್‌ಟಾಪ್‌ಗಳ ಮದರ್‌ಬೋರ್ಡಿನಲ್ಲಿ ನಾಣ್ಯದಂಥ ಒಂದು ಸೆಲ್ ಇರುತ್ತದಲ್ಲ, ಅದು ಸತ್ತರೆ ಕರೆಂಟು ಹೋಗಿ ಬಂದಾಗ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಓಡುತ್ತದೆ. ಆಗ ಸರಿಯಾದ ಸರ್ಟಿಫಿಕೇಟನ್ನೂ ಕಂಪ್ಯೂಟರ್ ನಂಬುವುದಿಲ್ಲ. 'ಸರ್ಟಿಫಿಕೇಟ್ ದೋಷ' ಅಂತ ಹೆದರಿಸುವ ಬದಲು 'ನಿಮ್ಮ ಕಂಪ್ಯೂಟರಿನ ತಾರೀಖು ತಪ್ಪಿರುವ ಹಾಗಿದೆ, ನೋಡಿ' ಅಂದರೆ ಮಾವ ತಾವೇ ಸರಿಮಾಡಿಕೊಳ್ಳುತ್ತಾರೆ.

ಹಂತ 7: ಉಳಿದ ಸಾಲುಗಳು

ಆಡ್‌ಆನ್ ಇಲ್ಲದೆ ತೆರೆಯುವುದನ್ನು ಥಂಡರ್‌ಬರ್ಡ್ ಮೊದಲು ಸೇಫ್ ಮೋಡ್ ಅನ್ನುತ್ತಿತ್ತು, ಈಗ ಟ್ರಬಲ್‌ಶೂಟ್ ಮೋಡ್ ಅನ್ನುತ್ತದೆ. ಒತ್ತಿದಾಗ ಅರ್ಧ ಬರೆದ ಮೇಲ್ ಇದ್ದರೆ ಡ್ರಾಫ್ಟ್‌ಗೆ ಉಳಿಸಿ, ಆಮೇಲೆ ಕೇಳಿ. ನಿಮ್ಮ ಮೇಲ್ ಯಾವುದೂ ಅಳಿಯುವುದಿಲ್ಲ ಅಂತ ಅಲ್ಲೇ ಬರೆಯಿರಿ. ಆ ಒಂದು ಮಾತಿಲ್ಲದೆ ಅದನ್ನು ಒತ್ತಲು ಯಾರಿಗೂ ಧೈರ್ಯ ಬರುವುದಿಲ್ಲ. ಪ್ರೋಗ್ರಾಂ ತೆರೆಯುವುದೇ ಇಲ್ಲ ಅನ್ನುವಾಗ ಮೆನುವಿನ ಮಾತೇ ಬರುವುದಿಲ್ಲವಲ್ಲ, ಅದಕ್ಕೆ ಥಂಡರ್‌ಬರ್ಡ್‌ನಲ್ಲಿ ಶಿಫ್ಟ್ ಹಿಡಿದುಕೊಂಡು ತೆರೆಯುವ ದಾರಿಯೂ ಇದೆ. ನೀವೂ ಇಡಿ.

ಅಬೌಟ್ ವಿಂಡೋದಲ್ಲಿ ಆವೃತ್ತಿ ಸಂಖ್ಯೆ ದೊಡ್ಡದಾಗಿರಲಿ, ಮೌಸ್‌ನಿಂದ ಆರಿಸಿ ಕಾಪಿ ಮಾಡಲು ಬರಲಿ. ಅಪ್‌ಡೇಟ್ ಇದೆಯಾ ಅಂತ ಅಲ್ಲೇ ನೋಡಬಹುದು. ಲಿನಕ್ಸ್‌ನಲ್ಲಿ ಡಿಸ್ಟ್ರಿಬ್ಯೂಷನ್ (ಉಬುಂಟುವಿನಂಥ ಲಿನಕ್ಸ್ ಸಂಕಲನ) ಮೂಲಕ ಹಾಕಿಕೊಂಡಿದ್ದರೆ ಅಪ್‌ಡೇಟ್ ಅಲ್ಲಿಂದಲೇ ಬರಬೇಕು, ನಿಮ್ಮ ಗುಂಡಿಯನ್ನು ಅಲ್ಲಿ ತೋರಿಸಬೇಡಿ.

'ಇವತ್ತಿನ ಟಿಪ್', ಕೇಳದೆ ಹಾರಿಬರುವ ಸಹಾಯಕ, ಇವು ಬೇಡ. ಮೈಕ್ರೋಸಾಫ್ಟ್ ಆಫೀಸ್ 97ರ ಜೊತೆ ಬಂದ ಪೇಪರ್ ಕ್ಲಿಪ್ಪನ್ನು ಜನ ಎಷ್ಟು ಬೈದರು ಅಂತ ಆ ಕಾಲದವರಿಗೆ ನೆನಪಿದೆ. ಆಫೀಸ್ 2007ರ ಹೊತ್ತಿಗೆ ಅದನ್ನು ತೆಗೆದೇಬಿಟ್ಟರು.

ಹಂತ 8: ಸಿಸ್ಟಂ ಬದಲಾದರೆ ಜಾಗವೂ ಬದಲು

ಮ್ಯಾಕ್‌ನಲ್ಲಿ ಅಬೌಟ್ ಇರಬೇಕಾದದ್ದು ಪ್ರೋಗ್ರಾಮಿನ ಹೆಸರಿರುವ ಮೊದಲ ಮೆನುವಿನಲ್ಲಿ. ಅಲ್ಲಿನ ಹೆಲ್ಪ್ ಮೆನುವಿನಲ್ಲಿ ಹುಡುಕುವ ಪೆಟ್ಟಿಗೆಯನ್ನು ಸಿಸ್ಟಮ್ಮೇ ಕೊಡುತ್ತದೆ. ಒಂದು ಪದ ಟೈಪ್ ಮಾಡಿದರೆ ಆ ಆಯ್ಕೆ ಯಾವ ಮೆನುವಿನಲ್ಲಿದೆ ಅಂತ ಬಾಣದಿಂದ ತೋರಿಸುತ್ತದೆ. ನಿಮ್ಮ ಉಳಿದ ಮೆನುಗಳ ಹೆಸರು ಸರಿಯಿದ್ದರೆ ಇದು ಪುಕ್ಕಟೆ ಸಿಕ್ಕ ಸಹಾಯ.

ವಿಂಡೋಸ್‌ನಲ್ಲಿ ಮೆನು ಪಟ್ಟಿಯನ್ನೇ ಅಡಗಿಸುವುದು ಈಚಿನ ರೂಢಿ. ಆಲ್ಟ್ ಒತ್ತಿದರೆ ಮಾತ್ರ ಕಾಣುತ್ತದೆ, ಅದು ಗೊತ್ತಿರುವವರು ಕಮ್ಮಿ. ಅಡಗಿಸಲೇಬೇಕಾದರೆ ಮೂರು ಗೆರೆಯ ಗುಂಡಿಯೊಳಗೂ ಸಹಾಯ ಅನ್ನುವ ಸಾಲು ಇಡಿ, ಅದೇ ಕ್ರಮದಲ್ಲಿ.

ಹಂತ 9: ನೆಟ್ ತೆಗೆದು, ಫೋನ್ ಹಿಡಿದು ಪರೀಕ್ಷಿಸಿ

ಪರೀಕ್ಷೆಗೆ ಕಂಪ್ಯೂಟರ್ ಅಷ್ಟಾಗಿ ಗೊತ್ತಿಲ್ಲದ ಒಬ್ಬರು ಬೇಕು. ಅವರನ್ನು ಒಂದು ಕೋಣೆಯಲ್ಲಿ ಕೂರಿಸಿ, ವೈಫೈ ತೆಗೆಯಿರಿ, ಹೊರಹೋಗುವ ಪಾಸ್‌ವರ್ಡನ್ನು ಬೇಕಂತಲೇ ಕೆಡಿಸಿ. ನೀವು ಇನ್ನೊಂದು ಕೋಣೆಯಿಂದ ಫೋನಿನಲ್ಲಿ ಮಾತಾಡಿ. ಅವರ ಸ್ಕ್ರೀನ್ ನೋಡಬೇಡಿ. "ಅದಲ್ಲ, ಅದರ ಕೆಳಗಿನದು" ಅಂತ ಹೇಳಬೇಕಾದ ಪ್ರತಿ ಜಾಗದಲ್ಲೂ ಒಂದು ಹೆಸರು ತಿದ್ದಬೇಕಾಗಿದೆ ಅಂತ ಗುರುತು ಹಾಕಿಕೊಳ್ಳಿ.

ಕೊನೆಯದಾಗಿ ಲಿಂಕ್‌ಗಳು. ಪ್ರೋಗ್ರಾಮಿನೊಳಗೆ ಸಹಾಯ ಪುಟದ ನೇರ ವಿಳಾಸ ಬರೆಯಬೇಡಿ. ಮೊಜಿಲ್ಲಾದವರ ಸಹಾಯದ ಲಿಂಕಿನಲ್ಲಿ ಆವೃತ್ತಿ, ಸಿಸ್ಟಂ, ಭಾಷೆ ಮೂರೂ ಸೇರಿರುತ್ತವೆ. ಸರ್ವರ್ ಅದನ್ನು ನೋಡಿ ತಕ್ಕ ಪುಟಕ್ಕೆ ಕಳಿಸುತ್ತದೆ. ಹೀಗೆ ಮಾಡಿದರೆ ನಾಳೆ ಪುಟ ಬೇರೆ ಕಡೆ ಹೋದರೂ ಹಳೆಯ ಆವೃತ್ತಿಯಲ್ಲಿರುವವರ ಲಿಂಕ್ ಮುರಿಯುವುದಿಲ್ಲ. ಕನ್ನಡದ ಪುಟ ಇನ್ನೂ ತಯಾರಿಲ್ಲದಿದ್ದರೆ ಇಂಗ್ಲಿಷ್ ಪುಟಕ್ಕೆ ಕಳಿಸಿ, ತಯಾರಾದ ದಿನ ಸರ್ವರಿನಲ್ಲಿ ಒಂದು ಸಾಲು ಬದಲಾಯಿಸಿದರೆ ಆಯಿತು. ಪ್ರೋಗ್ರಾಮಿನ ಹೊಸ ಆವೃತ್ತಿ ಬಿಡುವ ಅಗತ್ಯವೇ ಬೀಳುವುದಿಲ್ಲ.